ಈಜುವವನು ಒಬ್ಬ, ನೋಡುವವರು ನಾಲ್ವರು

(ಕುಂಬಳೆ ಹತ್ತಿರದ ಊರೊಂದರ ಗ್ರಂಥಾಲಯದಲ್ಲಿ ಆಡಿದ ಮಾತಿನ ಬರಹ ರೂಪ)

ಒಂದು ಸಣ್ಣ ಲೆಕ್ಕದಿಂದ ಶುರು ಮಾಡುತ್ತೇನೆ. ನೀವು ಕಡಲಲ್ಲಿ ಈಜುತ್ತಾ ಇದ್ದೀರಿ. ತಲೆ ಎತ್ತಿದರೂ ನಿಮ್ಮ ಕಣ್ಣು ನೀರಿನಿಂದ ಒಂದು ಗೇಣು ಮೇಲೆ ಇರುವುದಿಲ್ಲ. 15 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಭೂಮಿ ಉರುಟಲ್ವಾ, ಅಷ್ಟು ತಗ್ಗಿನಿಂದ ನೋಡಿದರೆ ನೀರಿನ ಗೆರೆ ಮುಗಿಯುವುದು ಸುಮಾರು 1.4 ಕಿಲೋಮೀಟರಿಗೆ. ಬೋಟಿನಲ್ಲಿ ಎದ್ದು ನಿಂತವರ ಕಣ್ಣು ನೀರಿನಿಂದ ಎರಡೂವರೆ ಮೀಟರ್ ಮೇಲಿದ್ದರೆ ಅವರಿಗೆ ಐದೂವರೆ ಕಿಲೋಮೀಟರ್ ತನಕ ನೀರು ಕಾಣುತ್ತದೆ. ಇದು ತೆರೆಯೇ ಇಲ್ಲದ ದಿನದ ಲೆಕ್ಕ. ಒಂದು ಅಡಿಯ ತೆರೆ ಎದ್ದರೆ ಈಜುವವನಿಗೆ ಹತ್ತು ಮಾರು ಆಚೆಗಿನದೂ ಇಲ್ಲ.

ಅಂದರೆ ಆ ಇಡೀ ತಂಡದಲ್ಲಿ ಎಲ್ಲಕ್ಕಿಂತ ಕಡಿಮೆ ಕಾಣುವುದು ಈಜುವವನಿಗೇ. ಮರುದಿನ ಪೇಪರಿನಲ್ಲಿ ಫೋಟೋ ಬರುವುದು ಮಾತ್ರ ಅವನದ್ದು. ಇವತ್ತು ನಾನು ಬಂದದ್ದು ಫೋಟೋದಲ್ಲಿ ಇಲ್ಲದವರ ಬಗ್ಗೆ, ಕಡಲಿನ ಉದ್ದದ ಈಜಿಗೆ ಬೋಟಿನಲ್ಲಿ ಜೊತೆಗೆ ಬರುವವರ ಬಗ್ಗೆ ಹೇಳಲಿಕ್ಕೆ. ದಿನಕ್ಕೆ ಎಷ್ಟು ಮೊಟ್ಟೆ ತಿನ್ನಬೇಕು, ಎಷ್ಟು ದಂಡ ಹೊಡೆಯಬೇಕು ಅಂತ ಕೇಳಲು ಬಂದ ಹುಡುಗರು ಅಲ್ಲಿ ಹಿಂದೆ ಕೂತಿದ್ದಾರೆ. ಗೊತ್ತುಂಟು. ಅದನ್ನು ಕೊನೆಗೆ ಕೇಳಿ, ಎರಡು ನಿಮಿಷದಲ್ಲಿ ಮುಗಿಯುತ್ತದೆ.

ನಮ್ಮ ಕಾಸರಗೋಡಿನ ಕಡಲಿನಲ್ಲಿ ಈಜಿ ಬರುವಂಥ ದ್ವೀಪ ಇಲ್ಲ. ವಲಿಯಪರಂಬ ಉಂಟಲ್ಲ ಅಂತೀರಿ. ಅದು ಕಡಲಿಗೂ ಹಿನ್ನೀರಿಗೂ ನಡುವೆ ಮಲಗಿದ ಉದ್ದದ ಪಟ್ಟಿ. ಹಿನ್ನೀರಿನ ಕಡೆಯಿಂದ ಒಬ್ಬ ಅಜ್ಜನೂ ದಾಟುತ್ತಾನೆ. ಹಾಗಾಗಿ ನಾವು ಮಲ್ಪೆಗೆ ಹೋಗಬೇಕು. ಮಲ್ಪೆಯಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿ ಸೈಂಟ್ ಮೇರೀಸ್ ದ್ವೀಪ. ಆರು ಮೂಲೆಯ ಕಂಬಗಳನ್ನು ನಿಲ್ಲಿಸಿದ ಹಾಗೆ ಕಲ್ಲು ಎದ್ದು ನಿಂತಿದೆ, ನೀವು ಟೂರಿಸ್ಟ್ ಬೋಟಿನಲ್ಲಿ ಹೋಗಿರುತ್ತೀರಿ. ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡ ಕಾಲಕ್ಕೆ ಉಕ್ಕಿದ ಲಾವಾ ಅದು, ಸುಮಾರು 8.8 ಕೋಟಿ ವರ್ಷ ಹಳೆಯದು. ನೋಡಲು ಚಂದ. ಬರಿಗಾಲಲ್ಲಿ ಅದರ ಮೇಲಿನಿಂದ ನೀರಿಗೆ ಇಳಿಯುವುದು ಬೇರೆ ಕಥೆ. ನೀರು ತಾಗುವಲ್ಲೆಲ್ಲ ಚಿಪ್ಪು ಅಂಟಿರುತ್ತದೆ, ಬ್ಲೇಡಿನ ಹಾಗೆ. ನನ್ನ ಎಡಗಾಲಿನ ಅಡಿಯಲ್ಲಿ ಇನ್ನೂ ಕಲೆ ಇದೆ.

ನಾನು ಮೊದಲು ಮಾಡಿದ್ದು ದ್ವೀಪದಿಂದ ಮಲ್ಪೆಗೆ, ಆ 6 ಕಿಲೋಮೀಟರ್. ಅದನ್ನು ಉದ್ದದ ಈಜು ಅನ್ನುವ ಹಾಗಿಲ್ಲ. ತೆರೆದ ನೀರಿನಲ್ಲಿ 10 ಕಿಲೋಮೀಟರ್ ದಾಟಿದರೆ ಮಾತ್ರ ಮ್ಯಾರಥಾನ್ ಅನ್ನುತ್ತಾರೆ. ಆಮೇಲೆ ತಲೆಗೆ ಹತ್ತಿದ್ದು ದ್ವೀಪದಿಂದ ದಕ್ಷಿಣಕ್ಕೆ ಕಾಪುವಿನ ದೀಪಸ್ತಂಭದ ಬುಡಕ್ಕೆ. ನಕ್ಷೆಯ ಮೇಲೆ ಸ್ಕೇಲ್ ಇಟ್ಟರೆ ಸುಮಾರು 18 ಕಿಲೋಮೀಟರ್. ಕಾಪು ಯಾಕೆ? ಅಲ್ಲಿ 1901ರಿಂದ ದೀಪ ಉರಿಯುತ್ತಿದೆ. 27 ಮೀಟರಿನ ಗೋಪುರ, ಅದೂ ಬಂಡೆಯ ಮೇಲೆ. ಈಗ ಹೇಳಿದ ಲೆಕ್ಕವನ್ನೇ ಹಾಕಿ ನೋಡಿ, ಅಷ್ಟು ಎತ್ತರದ ಬೆಳಕು ನೀರಿನಲ್ಲಿ ಮುಳುಗಿದವನಿಗೂ 18 ಕಿಲೋಮೀಟರಿನಿಂದ ಕಾಣಬೇಕು. ಕಾಣುತ್ತದೆ ಕೂಡ. ಆದರೆ ತೆರೆಯ ತುದಿಗೆ ಬಂದಾಗ ಮಾತ್ರ, ಅದೂ ದೀಪ ಈ ಕಡೆ ತಿರುಗಿದ ಗಳಿಗೆಗೆ. ಹತ್ತು ಸಲ ತಲೆ ಎತ್ತಿದರೆ ಒಂದು ಸಲ ಸಿಗುತ್ತದೆ. ಹತ್ತು ಸಲ ತಲೆ ಎತ್ತಿದ್ದಕ್ಕೆ ಕುತ್ತಿಗೆ ಕೊಡುವ ಬಿಲ್ಲು ಬೇರೆ.

ಇಂಥ ಈಜಿಗೆ ತಯಾರಿ ಶುರುವಾಗುವುದು ಯಾವಾಗ? ನನ್ನ ಪ್ರಕಾರ ಜೂನಿನಲ್ಲಿ. ನಗಬೇಡಿ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಮೀನುಗಾರಿಕೆಗೆ ಹೋಗುವಂತಿಲ್ಲ. ನಮ್ಮ ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 9ರ ನಡುರಾತ್ರಿಯಿಂದ. ಆ ಎರಡು ತಿಂಗಳು ತಾಂಡೇಲರು, ಅಂದರೆ ಬೋಟು ನಡೆಸುವವರು, ದಡದಲ್ಲಿ ಸಿಗುತ್ತಾರೆ, ಬಲೆ ಹೊಲಿಯುತ್ತಾ ಕೂತಿರುತ್ತಾರೆ, ಮಾತಾಡಲು ಪುರುಸೊತ್ತು ಇರುತ್ತದೆ. ಸೆಪ್ಟೆಂಬರಿನಲ್ಲಿ ಹೋಗಿ ಕೇಳಿ ನೋಡಿ, ಯಾರಿಗೂ ನಿಮ್ಮ ಮುಖ ನೋಡಲು ಹೊತ್ತಿರುವುದಿಲ್ಲ.

ನಮ್ಮ ಬೋಟಿನ ತಾಂಡೇಲರು ಹಾಗೆಯೇ ಸಿಕ್ಕಿದ್ದು. ಬಲೆ ಹೊಲಿಯುತ್ತಲೇ ನನ್ನ ಮಾತು ಪೂರ್ತಿ ಕೇಳಿದರು. ಕೊನೆಗೆ ಒಂದೇ ಪ್ರಶ್ನೆ. "ಯಾವ ನೀರಿಗೆ?" ಯಾವ ತಾರೀಕಿಗೆ ಅಂತಲ್ಲ. ನಾನು ಮೊಬೈಲ್ ತೆಗೆದು ಜನವರಿಯ ಎರಡನೇ ಆದಿತ್ಯವಾರ ಅಂದೆ, ರಜೆ ಅಂತ. ಅವರು ನಕ್ಕರು. "ಆದಿತ್ಯವಾರ ನಿಮಗೆ. ಕಡಲಿಗೆ ತಿಥಿ ಮಾತ್ರ" ಅಂದರು.

ಪಂಚಾಂಗ ಮನೆಯಲ್ಲಿ ಇದ್ದವರು ಗಮನಿಸಿ. ಅಮಾವಾಸ್ಯೆಗೂ ಹುಣ್ಣಿಮೆಗೂ ಸೂರ್ಯ ಚಂದ್ರರ ಎಳೆತ ಒಂದೇ ಗೆರೆಯಲ್ಲಿ ಬೀಳುತ್ತದೆ, ನೀರಿನ ಏರಿಳಿತ ಜಾಸ್ತಿ. ಅಷ್ಟಮಿಯ ಹೊತ್ತಿಗೆ ಎರಡೂ ಅಡ್ಡಡ್ಡ ಎಳೆಯುತ್ತವೆ, ಏರಿಳಿತ ಕಡಿಮೆ. ಅದರ ಪರಿಣಾಮ ಒಂದೆರಡು ದಿನ ತಡವಾಗಿ ಕಾಣುವುದರಿಂದ ನವಮಿ, ದಶಮಿಗೆ ನೀರು ಇನ್ನೂ ಸೌಮ್ಯ. ಗುಜರಾತಿನ ಭಾವನಗರದ ಹಾಗೆ ಹತ್ತು ಮೀಟರ್ ಏರುವ ಕಡಲು ನಮ್ಮದಲ್ಲ. ನಮ್ಮಲ್ಲಿ ದೊಡ್ಡ ಏರಿಳಿತ ಅಂದರೆ ಒಂದೂವರೆ ಮೀಟರಿನ ಆಸುಪಾಸು. ಹಾಗಾದರೆ ಯಾಕೆ ತಲೆಬಿಸಿ? ಅಳಿವೆ ಬಾಗಿಲಿನಿಂದಾಗಿ. ಉದ್ಯಾವರ ಹೊಳೆ ಮಲ್ಪೆಯಲ್ಲಿ ಕಡಲಿಗೆ ಸೇರುವಲ್ಲಿ, ಇಳಿತದ ಹೊತ್ತಿಗೆ ಹೊಳೆಯ ನೀರೂ ತುಂಬಿ ನಿಂತ ನೀರೂ ಒಟ್ಟಿಗೆ ಹೊರಗೆ ನುಗ್ಗುತ್ತವೆ. ಕಾಪುವಿಗೆ ಹೋಗುವವ ಅದರ ಎದುರಿನಿಂದಲೇ ಹಾದು ಹೋಗಬೇಕು.

ಇನ್ನೊಂದು ಸಂಗತಿ. ಅಷ್ಟಮಿ ತಿಂಗಳಿಗೆ ಎರಡು ಬರುತ್ತದೆ, ಯಾವುದು ಬೇಕು? ಶುಕ್ಲಪಕ್ಷದ ಚಂದ್ರ ನಡುರಾತ್ರಿಗೆ ಮುಳುಗುತ್ತಾನೆ. ಬಹುಳದವನು ನಡುರಾತ್ರಿಗೆ ಹುಟ್ಟುತ್ತಾನೆ. ಬೆಳಗಿನ ಜಾವ ನಾಲ್ಕಕ್ಕೆ ನೀರಿಗಿಳಿಯುವವನಿಗೆ ಬಹುಳ ಅಷ್ಟಮಿಯೇ ಬೇಕು, ನೆತ್ತಿಯ ಮೇಲೆ ಅರ್ಧ ಚಂದ್ರ ಇರುತ್ತಾನೆ. ಇದನ್ನು ನನಗೆ ಹೇಳಿಕೊಟ್ಟದ್ದು ಯಾವ ಪುಸ್ತಕವೂ ಅಲ್ಲ, ಆ ಬಲೆ ಹೊಲಿಯುವ ಕೈ.

ಬೆಳಗಿನ ಜಾವವೇ ಯಾಕೆ ಅಂದರೆ ಗಾಳಿಗೆ ಹೆದರಿ. ಡಿಸೆಂಬರಿನಿಂದ ಮಾರ್ಚ್ ತನಕ ನಮ್ಮ ಕಡೆ ರಾತ್ರಿ ಮತ್ತು ಬೆಳಿಗ್ಗೆ ನೆಲದಿಂದ ಕಡಲಿಗೆ ತಣ್ಣಗೆ ಗಾಳಿ ಬೀಸುತ್ತದೆ. ಹನ್ನೊಂದು ಗಂಟೆಯ ಸುಮಾರಿಗೆ ನೆಲ ಕಾದು ಗಾಳಿ ತಿರುಗುತ್ತದೆ, ಕಡಲಿನಿಂದ ನೆಲಕ್ಕೆ. ಆಮೇಲೆ ನೀರಿನ ಮೇಲೆ ಸಣ್ಣ ಸಣ್ಣ ನೊರೆ ತೆರೆ ಏಳುತ್ತದೆ. ಅಮೆರಿಕದ ಕ್ಯಾಟಲಿನಾ ದ್ವೀಪದಿಂದ ಕ್ಯಾಲಿಫೋರ್ನಿಯದ ದಡಕ್ಕೆ 32 ಕಿಲೋಮೀಟರ್ ಈಜುವವರೂ ಇದೇ ಕಾರಣಕ್ಕೆ ನಡುರಾತ್ರಿಯ ಹೊತ್ತಿಗೆ ನೀರಿಗಿಳಿಯುತ್ತಾರೆ. ಆ ದಾರಿಯನ್ನು ಮೊದಲು ಈಜಿದ್ದು 1927ರ ಜನವರಿಯಲ್ಲಿ ಜಾರ್ಜ್ ಯಂಗ್ ಎಂಬ ಕೆನಡಾದ ಹುಡುಗ, 15 ಗಂಟೆ 44 ನಿಮಿಷದಲ್ಲಿ. ಬಹುಮಾನ 25,000 ಡಾಲರ್. ನೂರಕ್ಕೂ ಜಾಸ್ತಿ ಜನ ನೀರಿಗಿಳಿದಿದ್ದರು, ದಡ ಮುಟ್ಟಿದ್ದು ಅವನೊಬ್ಬನೇ.

ಈಗ ನೀರಿನ ಓಟಕ್ಕೆ ಬರೋಣ. ಇದರಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಕಾಪುವಿನ ವಿಷಯದಲ್ಲಿ ನಾನು ಎಡವಿದ್ದು ಇಲ್ಲೇ.

ಭಾರತದ ಪಶ್ಚಿಮ ಕರಾವಳಿಯ ನೀರು ವರ್ಷಕ್ಕೆ ಎರಡು ಸಲ ದಿಕ್ಕು ಬದಲಿಸುತ್ತದೆ. ಮಳೆಗಾಲದಲ್ಲಿ ದಕ್ಷಿಣಕ್ಕೆ. ನವೆಂಬರಿನಿಂದ ಫೆಬ್ರವರಿಯ ತನಕ ಉತ್ತರಕ್ಕೆ. ಇದು ದೊಡ್ಡ ಲೆಕ್ಕ. ದಡಕ್ಕೆ ಹತ್ತಿರದ ನೀರು ಆಯಾ ದಿನದ ಗಾಳಿ, ಏರಿಳಿತ ಹೇಳಿದ ಹಾಗೆ ಕೇಳುತ್ತದೆ. ಆದರೂ ಗೊತ್ತಿರಬೇಕು. ಜನವರಿಯಲ್ಲಿ ಕಡಲು ಕನ್ನಡಿಯ ಹಾಗೆ ಇರುತ್ತದೆ, ಆದರೆ ದಕ್ಷಿಣಕ್ಕೆ ಹೋಗುವವನಿಗೆ ಎದುರು ನೀರು. ಮಾರ್ಚ್ ಬರುವಾಗ ನೀರು ಬದಲಾಗುತ್ತದೆ, ಆದರೆ ಸೆಕೆ, ಮತ್ತೆ ಬೇಗ ಏಳುವ ಗಾಳಿ. ಎರಡೂ ಕೈಗೆ ಸಿಗುವ ದಿನ ಇಲ್ಲ. ಯಾವ ಕಷ್ಟ ಬೇಕು ಅಂತ ಆರಿಸಬೇಕು ಅಷ್ಟೆ.

ನೀರಿನ ಓಟ ಅಳೆಯುವುದು ಸುಲಭ. ಒಂದು ಲೀಟರಿನ ಬಾಟಲಿಗೆ ಮುಕ್ಕಾಲು ನೀರು ತುಂಬಿ ಮುಚ್ಚಿ. ಖಾಲಿ ಬಾಟಲಿ ಬೇಡ, ಅದನ್ನು ಗಾಳಿ ಒಯ್ಯುತ್ತದೆ. ಬೋಟಿನಿಂದ ಬಿಟ್ಟು, ಮೊಬೈಲಿನಲ್ಲಿ ಜಾಗ ಗುರುತು ಹಾಕಿಕೊಳ್ಳಿ. ಹತ್ತು ನಿಮಿಷ ಬಿಟ್ಟು ಬಾಟಲಿ ಎಲ್ಲಿದೆಯೋ ಅಲ್ಲಿ ಹೋಗಿ ಮತ್ತೆ ಗುರುತು ಹಾಕಿ. 90 ಮೀಟರ್ ಹೋಗಿದ್ದರೆ ಗಂಟೆಗೆ ಅರ್ಧ ಕಿಲೋಮೀಟರಿಗಿಂತ ತುಸು ಜಾಸ್ತಿ. ಬಾಟಲಿಯನ್ನು ವಾಪಸ್ ತೆಗೆದುಕೊಳ್ಳಿ ಮಾರಾಯ್ರೆ, ಕಡಲಲ್ಲಿ ಬೇಕಾದಷ್ಟು ಉಂಟು.

ಅಡ್ಡ ನೀರಿನಲ್ಲಿ ಹೇಗೆ ಈಜುವುದು ಅಂತ ನಮ್ಮ ಹಿರಿಯರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ನಾನು ಸಣ್ಣವನಿದ್ದಾಗ ನಮ್ಮ ಕಡೆ ಹೊಳೆಗೆ ಕಡವು ಇತ್ತು. ಕಡವಿನ ಅಜ್ಜ ದೋಣಿಯನ್ನು ಯಾವತ್ತೂ ಎದುರು ಕಟ್ಟೆಗೆ ನೇರ ಬಿಡುತ್ತಿರಲಿಲ್ಲ. ಮೊದಲು ಈಚೆ ದಡಕ್ಕೆ ಅಂಟಿಕೊಂಡು ಮೇಲಕ್ಕೆ ಹೋಗುತ್ತಿದ್ದರು, ಆ ಹಲಸಿನ ಮರದ ತನಕ. ಅಲ್ಲಿಂದ ಅಡ್ಡ ಬಿಟ್ಟರೆ ಹೊಳೆಯೇ ದೋಣಿಯನ್ನು ಇಳಿಸಿ ಇಳಿಸಿ ಸರಿಯಾಗಿ ಕಟ್ಟೆಗೆ ತಂದು ನಿಲ್ಲಿಸುತ್ತಿತ್ತು. ಮಳೆ ಜೋರಾದ ದಿನ ಹಲಸಿನ ಮರ ಸಾಲದೆ ಅದರ ಮೇಲಿನ ತೋಟದ ತನಕ ಹೋಗುತ್ತಿದ್ದರು. ಶಾಲೆಗೆ ತಡವಾಗುತ್ತದೆ ಅಂತ ನಾವು ಗಲಾಟೆ ಮಾಡಿದರೆ, "ನೇರ ಹೋದವ ಕೆಳಗೆ ಹೋದ" ಅಂತ ಗದರುತ್ತಿದ್ದರು.

ಅಜ್ಜನ ಹಲಸಿನ ಮರಕ್ಕೆ ಒಂದು ಲೆಕ್ಕ ಇದೆ. ನೀವು ಗಂಟೆಗೆ 3 ಕಿಲೋಮೀಟರ್ ಈಜುತ್ತೀರಿ, ಅಡ್ಡ ನೀರು ಗಂಟೆಗೆ 1 ಕಿಲೋಮೀಟರ್. 6 ಕಿಲೋಮೀಟರ್ ದಾಟಲು ಮೂಗಿನ ನೇರಕ್ಕೇ ಈಜಿದರೆ ಎರಡು ಗಂಟೆಯಲ್ಲಿ ದಡ ಮುಟ್ಟುತ್ತೀರಿ, ಆದರೆ ಎರಡು ಕಿಲೋಮೀಟರ್ ಪಕ್ಕದಲ್ಲಿ. ಅಲ್ಲಿ ದಡ ಇದ್ದರೆ ಪುಣ್ಯ, ಬಂಡೆ ಇದ್ದರೆ ಕರ್ಮ. ಅದರ ಬದಲು ನೀರು ಬರುವ ಕಡೆಗೆ ಸುಮಾರು 20 ಡಿಗ್ರಿ ಮೂತಿ ತಿರುಗಿಸಿ ಈಜಿದರೆ ಎರಡು ಗಂಟೆ ಏಳು ನಿಮಿಷದಲ್ಲಿ ಬೇಕಾದ ಜಾಗಕ್ಕೇ ಬರುತ್ತೀರಿ. ಏಳು ನಿಮಿಷದ ಖರ್ಚು. ಆದರೆ ನೀರಿನಲ್ಲಿ ಇರುವವನಿಗೆ ಆ 20 ಡಿಗ್ರಿ ಕಾಣುವುದಿಲ್ಲ. ತಪ್ಪು ಕಡೆ ಹೋಗುತ್ತಿದ್ದೇನೆ ಅಂತಲೇ ಅನ್ನಿಸುತ್ತದೆ, ಕಾಲು ತಾನಾಗಿ ದಡದ ಕಡೆ ತಿರುಗುತ್ತದೆ. ಅದಕ್ಕೇ ನಿಯಮ: ನೀನು ದಡ ನೋಡಬೇಡ, ಬೋಟು ನೋಡು. ಬೋಟು ಹೋದಲ್ಲಿ ಹೋಗು.

ನೀರಿನ ಜೊತೆ ಜಗಳಕ್ಕೆ ಬಿದ್ದರೆ ಏನಾಗುತ್ತದೆ ಎನ್ನಲು ಮ್ಯಾಥ್ಯೂ ವೆಬ್ ಇದ್ದಾರೆ. 1875ರ ಆಗಸ್ಟ್‌ನಲ್ಲಿ ಇಂಗ್ಲಿಷ್ ಕಾಲುವೆಯನ್ನು ಯಾರ ಸಹಾಯವೂ ಇಲ್ಲದೆ ಮೊದಲು ಈಜಿದವರು. ನೇರ ದಾರಿ 33 ಕಿಲೋಮೀಟರ್. ನೀರು ಅತ್ತ ಇತ್ತ ಎಳೆದಾಡಿ ಅವರು ಈಜಿದ್ದು 60ಕ್ಕೂ ಜಾಸ್ತಿ, 21 ಗಂಟೆ 45 ನಿಮಿಷ.

ನಮ್ಮವರದ್ದೇ ಬೇಕಾದರೆ ಆರತಿ ಸಾಹಾ. ಕೊಲ್ಕತ್ತದ ಹುಡುಗಿ. 1959ರ ಆಗಸ್ಟ್ 27ರಂದು ಅವರು ಫ್ರಾನ್ಸಿನ ಕಡೆಯಿಂದ ಹೊರಡಬೇಕಿತ್ತು. ಜೊತೆಗೆ ಬರಬೇಕಾದ ಬೋಟು ತಡವಾಗಿ ಬಂತು. ತಡ ಆದದ್ದು ನಿಮಿಷಗಳ ಲೆಕ್ಕದಲ್ಲಿ, ಆದರೆ ಅನುಕೂಲದ ನೀರು ಕೈತಪ್ಪಿತು. ಹದಿನಾಲ್ಕು ಗಂಟೆ ಮೀರಿ ಈಜಿ ಇಂಗ್ಲೆಂಡಿನ ದಡ ಹತ್ತಿರವಾದಾಗ ಎದುರು ನೀರು ಬಿಡಲಿಲ್ಲ, ಸೋತು ಬೋಟು ಹತ್ತಿದರು. ಒಂದು ತಿಂಗಳು ಅಲ್ಲೇ ಉಳಿದು ಸೆಪ್ಟೆಂಬರ್ 29ಕ್ಕೆ ಮತ್ತೆ ಇಳಿದು 16 ಗಂಟೆ 20 ನಿಮಿಷದಲ್ಲಿ ದಾಟಿದರು. ಆ ಕಾಲುವೆ ಈಜಿದ ಏಷ್ಯಾದ ಮೊದಲ ಮಹಿಳೆ. ಎರಡನೆಯ ಸಲಕ್ಕೆ ಒಂದು ತಿಂಗಳಲ್ಲಿ ಅವರ ತೋಳು ಏನು ಮಹಾ ದಪ್ಪವಾಗಿತ್ತು? ಬೋಟು ಸರಿಯಾದ ಹೊತ್ತಿಗೆ ಬಂದರೆ ಏನಾಗುತ್ತದೆ ಅಂತ ನಾನು ಇದರಲ್ಲಿ ಓದಿಕೊಳ್ಳುತ್ತೇನೆ.

ಇಲ್ಲಿ ಒಂದು ಮಾತು ನಮ್ಮ ಜಿಲ್ಲೆಯವರಿಗೇ. ಮಲಯಾಳದಲ್ಲಿ "ಕಳ್ಳಕ್ಕಡಲ್" ಅನ್ನುವುದು ನಿಮಗೆಲ್ಲ ಗೊತ್ತು. ಕಳ್ಳ ಕಡಲು. ಗಾಳಿ ಇಲ್ಲ, ಮೋಡ ಇಲ್ಲ, ಇದ್ದಕ್ಕಿದ್ದ ಹಾಗೆ ಕಡಲು ಉಬ್ಬಿ ಮನೆಯಂಗಳಕ್ಕೆ ಬರುತ್ತದೆ. ಅದು ಹುಟ್ಟುವುದು ಸಾವಿರಾರು ಕಿಲೋಮೀಟರ್ ದಕ್ಷಿಣಕ್ಕೆ, ಹಿಂದೂ ಮಹಾಸಾಗರದ ಕೊನೆಯಲ್ಲಿ ಎದ್ದ ಬಿರುಗಾಳಿಗೆ. ಅಲ್ಲಿಂದ ಹೊರಟ ಉದ್ದದ ತೆರೆ ಕೆಲವು ದಿನ ನಡೆದು ನಮ್ಮ ದಡಕ್ಕೆ ಬರುತ್ತದೆ. ಮೀನುಗಾರರ ಆ ಹೆಸರನ್ನೇ ಈಗ ವಿಜ್ಞಾನಿಗಳೂ ಬಳಸುತ್ತಾರೆ. ನಮ್ಮ ಆಕಾಶ ನೋಡಿ ಇದು ಗೊತ್ತಾಗುವುದಿಲ್ಲ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ದಿನಾ ತೆರೆಯ ಎತ್ತರ, ಗಾಳಿ, ನೀರಿನ ಓಟದ ಮುನ್ಸೂಚನೆ ಕೊಡುತ್ತದೆ. ನೋಡುವಾಗ ತೆರೆಯ ಎತ್ತರ ಮಾತ್ರ ನೋಡಬೇಡಿ. ಒಂದು ತೆರೆಗೂ ಇನ್ನೊಂದಕ್ಕೂ ಎಷ್ಟು ಸೆಕೆಂಡು ಅಂತ ಬರೆದಿರುತ್ತಾರೆ, ಅದನ್ನು ನೋಡಿ. 15 ಸೆಕೆಂಡು ದಾಟಿತು ಅಂದರೆ ಆ ತೆರೆ ದೂರದ್ದು. ನಡುಕಡಲಲ್ಲಿ ಅದು ತೊಟ್ಟಿಲು ತೂಗಿದ ಹಾಗೆ, ಏನೂ ಅನ್ನಿಸುವುದಿಲ್ಲ. ದಡಕ್ಕೆ ಬಂದಾಗ ಎತ್ತಿ ಒಗೆಯುತ್ತದೆ. ನಮ್ಮ ಕೆಲಸ ಮುಗಿಯುವುದು ದಡದಲ್ಲಲ್ವಾ?

ಬೋಟಿನ ವಿಷಯ. ಮಲ್ಪೆಯ ಆ ಮೊದಲ ಈಜಿನಲ್ಲಿ ಬೋಟು ಗಾಳಿಯ ಮೇಲ್ಬದಿಗೆ ನಿಂತಿತ್ತು. ತೆರೆಗೆ ಮರೆಯಾಗಲಿ ಅಂತ ನಾನೇ ಹೇಳಿದ್ದು. ಮರೆಯೇನೋ ಆಯಿತು. ಡೀಸೆಲಿನ ಹೊಗೆ ನೀರಿನ ಮೇಲೆ ಹರಡಿಕೊಂಡು ನೇರ ನನ್ನ ಬಾಯಿಗೆ ಬಂತು. ನಾನು ಉಸಿರು ತೆಗೆಯುವುದು ಬಲಗಡೆಗೆ, ಬೋಟು ಇದ್ದದ್ದೂ ಬಲಗಡೆಗೆ. ಒಂದು ಗಂಟೆಯಲ್ಲಿ ಹೊಟ್ಟೆಯಲ್ಲಿದ್ದದ್ದೆಲ್ಲ ಕಡಲಿಗೆ. ಆಮೇಲಿಂದ ಬೋಟು ಗಾಳಿಯ ಕೆಳಬದಿಗೆ, 20 ಮೀಟರ್ ದೂರದಲ್ಲಿ. ಹತ್ತಿರಕ್ಕೆ ಒಂದು ಹುಟ್ಟು ಹಾಕುವ ಸಣ್ಣ ದೋಣಿ. ಈಜುವವನಿಗೆ ಕುಡಿಯಲು ಕೊಡುವಾಗ ಬೋಟಿನ ಗೇರು ಬಿಡಿಸಿರಲೇಬೇಕು. ಫ್ಯಾನು ತಿರುಗುವ ಬೋಟಿನ ಹಿಂಬದಿಗೆ ಯಾರೂ ಹೋಗಬಾರದು.

ಮುಟ್ಟುವ ಹಾಗೂ ಇಲ್ಲ. ಬೋಟಾಗಲಿ, ಮನುಷ್ಯರಾಗಲಿ ಈಜುವವನಿಗೆ ತಾಗಿದರೆ ಈಜು ಅಲ್ಲಿಗೆ ಮುಗಿಯಿತು, ಎಲ್ಲ ಕಡೆಯ ನಿಯಮ ಅದೇ. 1925ರಲ್ಲಿ ಗರ್ಟ್ರೂಡ್ ಎಡರ್ಲೆ ಇಂಗ್ಲಿಷ್ ಕಾಲುವೆಯಲ್ಲಿ ಇದ್ದಾಗ, ಅವಳು ಮುಳುಗುತ್ತಾಳೆ ಅಂತ ಭಾವಿಸಿ ತರಬೇತುದಾರ ಅವಳನ್ನು ಎಳೆಸಿದರು. ತಾನು ಸುಮ್ನೆ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದೆ ಅಂತ ಅವಳ ವಾದ. ಮುಂದಿನ ವರ್ಷ ಬೇರೆ ತರಬೇತುದಾರರ ಜೊತೆ ಬಂದು ಹದಿನಾಲ್ಕೂವರೆ ಗಂಟೆಯಲ್ಲಿ ಮುಗಿಸಿದಳು, ಅಲ್ಲಿಯ ತನಕ ದಾಟಿದ ಎಲ್ಲ ಗಂಡಸರಿಗಿಂತ ಬೇಗ. ಆ ಮೊದಲ ತರಬೇತುದಾರರ ಬಗ್ಗೆ ಎಲ್ಲರೂ ಕೆಟ್ಟದಾಗಿ ಮಾತಾಡುತ್ತಾರೆ. ನನಗೆ ಹಾಗೆ ಮಾತಾಡಲು ಬಾಯಿ ಬರುವುದಿಲ್ಲ. ಯಾಕೆ ಅಂತ ಈಗ ಹೇಳುತ್ತೇನೆ.

2010ರ ಅಕ್ಟೋಬರ್ 23ರಂದು ಯುಎಇಯ ಫುಜೈರಾದಲ್ಲಿ ಒಂದು 10 ಕಿಲೋಮೀಟರ್ ಸ್ಪರ್ಧೆ ನಡೆಯಿತು. ಫ್ರಾನ್ ಕ್ರಿಪ್ಪೆನ್ ಎಂಬ ಅಮೆರಿಕದ ಈಜುಗಾರ, 26 ವರ್ಷ, ಗಟ್ಟಿ ಆಳು. ನೀರು ಬಿಸಿ, ಬಿಸಿಲು ಜೋರು. ಕೊನೆಯ ಸುತ್ತಿನಲ್ಲಿ ಅವನು ಮುಳುಗಿದ. ಮುಳುಗಿದ್ದನ್ನು ಯಾರೂ ನೋಡಲಿಲ್ಲ. ಅವನು ದಡಕ್ಕೆ ಬಂದಿಲ್ಲ ಅಂತ ಜೊತೆಯ ಈಜುಗಾರರಿಗೆ ಗೊತ್ತಾಗಿ ಹುಡುಕಿದಾಗ ಹೊತ್ತು ಮೀರಿತ್ತು. ಈಗ ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ನೀರು 31 ಡಿಗ್ರಿಗಿಂತ ಬಿಸಿ ಇದ್ದರೆ ಇಳಿಸುವುದಿಲ್ಲ.

ನಮ್ಮ ಕಡಲು ಮಾರ್ಚ್ ಏಪ್ರಿಲಿನಲ್ಲಿ ಆ ಗೆರೆಗೆ ಹತ್ತಿರವೇ ಇರುತ್ತದೆ. ಚಳಿಗೆ ಸೆಡೆತುಕೊಳ್ಳುವ ಕಥೆಗಳೆಲ್ಲ ಇಂಗ್ಲೆಂಡಿನವು. ನಮಗೆ ಇರುವುದು ಅದರ ಉಲ್ಟಾ. ನೀರಿನಲ್ಲಿ ಇದ್ದುಕೊಂಡೇ ಬೆವರುತ್ತೇವೆ, ಬೆವರಿದ್ದು ಕಾಣುವುದಿಲ್ಲ. ಆದ್ದರಿಂದ ಅರ್ಧ ಗಂಟೆಗೊಮ್ಮೆ ಕುಡಿಯಲೇಬೇಕು, ಬಾಯಾರಲಿ, ಬಾಯಾರದೆ ಇರಲಿ. ನನ್ನದು ಗಂಜಿ ತಿಳಿ. ಕಾಲು ಲೀಟರ್ ತಿಳಿಗೆ ಎರಡು ದೊಡ್ಡ ಚಮಚ ಬೆಲ್ಲ, ಚಿಟಿಕೆ ಉಪ್ಪು. ಬೊಂಡ, ಅಂದರೆ ಎಳನೀರು, ಸಾಲದಾ ಅಂತ ಎಲ್ಲರೂ ಕೇಳುತ್ತಾರೆ. ಬೊಂಡದಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಕುಡಿಯಿರಿ, ಆದರೆ ಅದನ್ನೇ ನಂಬಬೇಡಿ. ಬಾಟಲಿಗೆ ಹಗ್ಗ ಕಟ್ಟಿ ಎಸೆಯುವುದು, ಕುಡಿದಾದ ಮೇಲೆ ಎಳೆದುಕೊಳ್ಳುವುದು. ಅರ್ಧ ನಿಮಿಷದ ಕೆಲಸ. ಅಲ್ಲೇ ನಿಂತು ಹರಟೆ ಹೊಡೆದರೆ ನೀರು ಹಿಂದಕ್ಕೆ ಒಯ್ಯುತ್ತಾ ಇರುತ್ತದೆ.

ಕಾಪುವಿನ ದಿನ ನನ್ನ ಬೋಟಿನಲ್ಲಿ ನಾಲ್ವರು. ಚುಕ್ಕಾಣಿಗೆ ತಾಂಡೇಲರು. ಮೂತಿಯಲ್ಲಿ ಅವರ ತಮ್ಮ, ಅವನ ಕಣ್ಣು ಬಲೆಗಳ ಮೇಲೆ, ಬೇರೆ ಬೋಟುಗಳ ಮೇಲೆ. ರಾತ್ರಿ ಬಿಟ್ಟ ಬಲೆಗೆ ಈಜುವವನು ಸಿಕ್ಕಿದರೆ ಮೀನಿಗೂ ಅವನಿಗೂ ವ್ಯತ್ಯಾಸ ಇಲ್ಲ. ಗಂಜಿ ತಿಳಿಗೆ ನನ್ನ ಒಬ್ಬ ಸ್ನೇಹಿತ. ನಾಲ್ಕನೆಯವಳು ಅಕ್ಕನ ಮಗಳು. ಅವಳ ಕೈಯಲ್ಲಿ ಶಾಲೆಯ ನೋಟ್‌ಬುಕ್ಕು, ಪೆನ್ಸಿಲು. ಪೆನ್ನು ಒದ್ದೆಯಾದರೆ ಬರೆಯುವುದಿಲ್ಲ. ಅವಳ ಕೆಲಸ ಒಂದೇ, ನನ್ನ ತಲೆ ನೋಡುವುದು. ಅರ್ಧ ಗಂಟೆಗೊಮ್ಮೆ, ಒಂದು ನಿಮಿಷಕ್ಕೆ ಎಷ್ಟು ಕೈ ಹಾಕುತ್ತೇನೆ ಅಂತ ಎಣಿಸಿ ಬರೆಯುವುದು. ಯಾವಾಗ ನಿಲ್ಲಿಸಬೇಕು ಅಂತ ತೀರ್ಮಾನ ಅವಳದ್ದು. ಹಿಂದಿನ ದಿನವೇ ಅದೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದು ಸಹಿ ಹಾಕಿದ್ದೆ: "ನಾನು ಬೇಡ ಅಂದರೂ ಎಳೆಯಬೇಕು."

ನಾಲ್ಕೂ ಹತ್ತಕ್ಕೆ ಇಳಿದೆ. ಟೋಪಿಯ ಹಿಂದೆ ಹಸಿರು ಬೆಳಕಿನ ಕಡ್ಡಿ. ಕೈ ಹಾಕಿದಲ್ಲೆಲ್ಲ ನೀರು ನೀಲಿಯಾಗಿ ಮಿಂಚುತ್ತಿತ್ತು. ನಾಕ್ಟಿಲೂಕಾ ಅಂತ ಸೂಕ್ಷ್ಮಜೀವಿ, ಕಲಕಿದರೆ ಬೆಳಗುತ್ತದೆ. ಬೆರಳುಗಳ ಸಂದಿನಿಂದ ನಕ್ಷತ್ರ ಸೋರಿದ ಹಾಗೆ. ಅಷ್ಟು ಹೊತ್ತು ಇಡೀ ಯೋಜನೆ ಮರೆತು ಹೋಗಿತ್ತು ಅಂತ ಒಪ್ಪಿಕೊಳ್ಳುತ್ತೇನೆ.

ಆ ನೋಟ್‌ಬುಕ್ಕು ತಂದಿದ್ದೇನೆ, ಓದುತ್ತೇನೆ. 4.30: 58 ಕೈ. ಕುಡಿದರು, ಮಾತಾಡಿದರು. 6.30: 57. ಎದುರು ನೀರು ಉಂಟು ಅಂತಾರೆ ತಾಂಡೇಲರು, ಬಾಟಲಿ 90 ಮೀಟರ್. 7.30: 56. ಬಿಸಿಲು ಬಂತು. 8.00: ಖಾಲಿ. ಇಲ್ಲಿ ಏನೂ ಬರೆದಿಲ್ಲ, ಯಾಕೆಂದರೆ ಕುಡಿಯಲು ಕೊಡಲೇ ಇಲ್ಲ. ಗಂಜಿಯ ಸ್ನೇಹಿತ ಏಳು ಗಂಟೆಯಿಂದ ಬೋಟಿನ ಅಂಚಿಗೆ ಜೋತು ಬಿದ್ದು ವಾಂತಿ ಮಾಡುತ್ತಿದ್ದ. ಇವಳು ಅವನ ಬೆನ್ನು ಉಜ್ಜುತ್ತಿದ್ದಳು. ನಾನಂತೂ ಕೇಳಲಿಲ್ಲ, ಹೊತ್ತು ಎಷ್ಟು ಅಂತ ನನಗೆ ಎಲ್ಲಿ ಗೊತ್ತು. 8.30: 54. ಕುಡಿದರು, ಅರ್ಧ ಚೆಲ್ಲಿದರು. 9.30: 50. ಕೇಳಿದ್ದಕ್ಕೆ ಉತ್ತರ ಇಲ್ಲ, ಕೈ ಎತ್ತಿದರು. 9.50: 48.

ಆಗ ಅವಳು ನಾವು ಮೊದಲೇ ಗೊತ್ತು ಮಾಡಿದ್ದ ಪ್ರಶ್ನೆ ಕೇಳಿದಳು. ಕಾಸರಗೋಡಿನಿಂದ ಮಂಗಳೂರು ರೈಲಿಗೆ ಹತ್ತಿದರೆ ಕುಂಬಳೆಯ ನಂತರ ಯಾವ ಸ್ಟೇಷನ್? ಇಪ್ಪತ್ತು ವರ್ಷ ಆ ರೈಲಿನಲ್ಲಿ ಕೆಲಸಕ್ಕೆ ಹೋದವನು ನಾನು. "ಮಂಜೇಶ್ವರ, ಆಮೇಲೆ ಉಪ್ಪಳ" ಅಂದೆನಂತೆ. "ಮಾವ, ಮೇಲೆ ಬನ್ನಿ" ಅಂದಳು. ನಾನು ಬರುವುದಿಲ್ಲ ಅಂದೆ. ದೀಪಸ್ತಂಭ ಕಾಣುತ್ತಾ ಇದೆ, ಇನ್ನೇನು ಅರ್ಧ ಗಂಟೆ ಅಂದೆ. ತಾಂಡೇಲರು ಮೊಬೈಲ್ ನೋಡಿದರು. 13 ಕಿಲೋಮೀಟರ್ ಆಗಿತ್ತು. ಇನ್ನು 5. ನಾನಿದ್ದ ವೇಗಕ್ಕೆ ಎರಡೂವರೆ ಗಂಟೆಗೂ ಜಾಸ್ತಿ, ಅಷ್ಟರಲ್ಲಿ ಗಾಳಿ ಏಳುತ್ತದೆ. ನಾನು ಅವಳಿಗೆ ಬೈದೆ. ಏನು ಬೈದೆ ಅಂತ ನೆನಪಿಲ್ಲ, ಅವಳಿಗೆ ನೆನಪಿದೆ, ಹೇಳುವುದಿಲ್ಲ. ಅವಳು ನೋಟ್‌ಬುಕ್ಕಿನ ಮೊದಲ ಪುಟ ತೆರೆದು ನನ್ನ ಕಡೆಗೆ ಹಿಡಿದಳು. ನೀರಿನಲ್ಲಿದ್ದ ನನಗೆ ಅಕ್ಷರ ಓದಲಾಗಲಿಲ್ಲ, ಆದರೆ ಸಹಿ ನನ್ನದು ಅಂತ ಗೊತ್ತಾಯಿತು. ತಾಂಡೇಲರ ತಮ್ಮ ಕಂಕುಳಿಗೆ ಕೈ ಹಾಕಿ ಎತ್ತಿದ. 9.56: ಮುಟ್ಟಿದೆವು. ಅದು ಕೊನೆಯ ಸಾಲು.

ಬೋಟಿನಲ್ಲಿ ಮಲಗಿ ಒಂದು ಲೀಟರ್ ತಿಳಿ ಕುಡಿದ ಮೇಲೆ ಸ್ಟೇಷನ್‌ಗಳು ಸರಿಯಾಗಿ ಬಂದವು. ಉಪ್ಪಳ, ಮಂಜೇಶ್ವರ, ಉಳ್ಳಾಲ.

ಅನುಮತಿಯ ಬಗ್ಗೆ ಚುಟುಕಾಗಿ ಹೇಳಿ ಬಿಡುತ್ತೇನೆ. ಕರಾವಳಿ ಕಾವಲು ಪೊಲೀಸರಿಗೆ, ಬಂದರಿನವರಿಗೆ ಬರಹದಲ್ಲಿ ತಿಳಿಸಬೇಕು. ದ್ವೀಪಕ್ಕೆ ಜನ ಹೋಗುವ ಹೊತ್ತು ಬೇರೆ, ನಾವು ಹೊರಡುವ ಹೊತ್ತು ಬೇರೆ, ಅದಕ್ಕೂ ಕೇಳಬೇಕು. ನನಗೆ ಒಂದು ಕಚೇರಿಯಲ್ಲಿ, ಈಜಲು ಅನುಮತಿ ಕೊಡುವ ಅರ್ಜಿಯ ನಮೂನೆಯೇ ಇಲ್ಲ ಅಂತ ಮೂರು ಸಲ ವಾಪಸ್ ಕಳಿಸಿದರು. ನಾಲ್ಕನೇ ಸಲ ನಾನೇ ನಮೂನೆ ಟೈಪ್ ಮಾಡಿಕೊಂಡು ಹೋದೆ, ಸೀಲು ಬಿತ್ತು. ಕಾಗದಕ್ಕಿಂತ ಮುಖ್ಯ, ಆ ದಾರಿಯಲ್ಲಿ ಬಲೆ ಬಿಡುವ ಮೀನುಗಾರರಿಗೆ ಮುಂಚಿನ ದಿನ ಬಾಯಲ್ಲಿ ಹೇಳುವುದು. ಕೋಸ್ಟ್ ಗಾರ್ಡ್‌ನ 1554 ನಂಬರ್ ಬೋಟಿನಲ್ಲಿ ಎಲ್ಲರ ಮೊಬೈಲಿನಲ್ಲೂ ಇರಲಿ.

ಮೊಸಳೆ ಇಲ್ಲವಾ ಅಂತ ಅಲ್ಲೊಬ್ಬ ಹುಡುಗ ಆಗಿನಿಂದ ಕೈ ಎತ್ತಿದ್ದಾನೆ. ಮಗಾ, ಮೊಸಳೆ ಇದ್ದದ್ದು ನಮ್ಮ ಅನಂತಪುರದ ಕೆರೆಯಲ್ಲಿ, ಬಬಿಯಾ. ನೈವೇದ್ಯದ ಅನ್ನ ತಿಂದುಕೊಂಡು ಇದ್ದು 2022ರಲ್ಲಿ ತೀರಿಹೋಯಿತು. ಕಡಲಲ್ಲಿ ನನಗೆ ತೊಂದರೆ ಕೊಟ್ಟದ್ದು ಜೆಲ್ಲಿಫಿಶ್ ಮಾತ್ರ. ತಾಗಿದರೆ ಮರಳು ಹಾಕಿ ಉಜ್ಜಬೇಡ, ಉಜ್ಜಿದಷ್ಟೂ ಹರಡುತ್ತದೆ.

ಇನ್ನು ಮೊಟ್ಟೆಯವರು. ಹತ್ತು ಕಿಲೋಮೀಟರ್ ನಿಲ್ಲಿಸದೆ ಈಜಲು ಬಂದರೆ ತೋಳಿನ ತಯಾರಿ ಆಯಿತು. ಕೆರೆಯಲ್ಲಿ ಶುರು ಮಾಡಿ. ನಾವೆಲ್ಲ ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಟಿಕೊಂಡು ಕಲಿತವರು. ಕುತ್ತಿಗೆಗೆ, ಕಂಕುಳಿಗೆ ವ್ಯಾಸಲೀನ್ ಧಾರಾಳ ಹಚ್ಚಿ, ಇಲ್ಲದಿದ್ದರೆ ಉಪ್ಪುನೀರಿಗೆ ಚರ್ಮ ಎದ್ದು ಬರುತ್ತದೆ. ಮೊಟ್ಟೆ ನಿಮ್ಮ ಇಷ್ಟ.

ಕಾಪುವಿಗೆ ಮತ್ತೆ ಹೋಗುತ್ತೇನೆ. ಈ ಸಲ ಮಾರ್ಚ್, ಬಹುಳ ನವಮಿ, ಹೊರಡುವುದು ರಾತ್ರಿ ಒಂದಕ್ಕೆ, ಬಿಸಿಲು ಬಲಿಯುವ ಮೊದಲು ದಡ. ತಾಂಡೇಲರು ಒಪ್ಪಿದ್ದಾರೆ. ಅವರ ತಮ್ಮ ಬರುತ್ತಾನೆ. ಅಕ್ಕನ ಮಗಳು ಹೊಸ ನೋಟ್‌ಬುಕ್ಕು ತೆಗೆದುಕೊಂಡಿದ್ದಾಳೆ. ಗಂಜಿಯ ಸ್ನೇಹಿತ ಮಾತ್ರ ಕಡಲಿನ ಹೆಸರು ಹೇಳಿದರೆ ಫೋನ್ ಇಡುತ್ತಾನೆ. ಹಾಗಾಗಿ ಒಂದು ಜಾಗ ಖಾಲಿ ಇದೆ. ಈಜು ಬರಬೇಕೆಂದಿಲ್ಲ, ಲೈಫ್ ಜಾಕೆಟ್ ಕೊಡುತ್ತೇವೆ. ವಾಂತಿ ಬರಬಾರದು ಅಷ್ಟೆ. ಬರುವವರು ಈಗಲೇ ಹೆಸರು ಕೊಡಿ, ಮುಂದಿನ ಶನಿವಾರ ತಾಂಡೇಲರು ಮೂರು ಗಂಟೆ ಬೋಟಿನಲ್ಲಿ ಕೂರಿಸಿ ಪರೀಕ್ಷೆ ಮಾಡುತ್ತಾರಂತೆ.